ಯಾವ ಪರವಾಗಿಲ್ಲ?

ಆಪರೇಷನ್ ಆಗಿ ಮನೆಗೆ ಹೋದವರಿಗೆ ನಮ್ಮ ಆಸ್ಪತ್ರೆಯಿಂದ ಏಳು ದಿನ ಫೋನ್ ಹೋಗುತ್ತದೆ. ಹನ್ನೊಂದು ವರ್ಷ ಆ ಫೋನ್ ಮಾಡಿದವರು ನಾನು ಮತ್ತು ನನ್ನ ಕೈಕೆಳಗಿನ ಇಬ್ಬರು ನರ್ಸ್‌ಗಳು. ಸರ್ಜರಿ ವಾರ್ಡಿನ ಪಕ್ಕ, ಬೆಡ್‌ಶೀಟ್ ಇಡುವ ಕೋಣೆಯ ಮೂಲೆಯಲ್ಲಿ ಒಂದು ಮೇಜು, ಒಂದು ಫೋನು, ಒಂದು ರಿಜಿಸ್ಟರು. ಬೆಳಿಗ್ಗೆ ಹತ್ತಕ್ಕೆ ಕೂತರೆ ಏಳುವಾಗ ಹನ್ನೊಂದೂವರೆ. ನೋವು ಹೇಗಿದೆ, ಜ್ವರ ಇದೆಯಾ, ಗಾಯ ಒಣಗಿದೆಯಾ. ಮೂರೇ ಪ್ರಶ್ನೆ.

ಹತ್ತರಲ್ಲಿ ಎಂಟು ಜನರ ಉತ್ತರ ಒಂದೇ. "ಪರವಾಗಿಲ್ಲ."

ಹೊಸ ನರ್ಸ್ ಬಂದಾಗಲೆಲ್ಲ ನಾನು ಮೊದಲು ಕಲಿಸುತ್ತಿದ್ದುದು ಈ ಒಂದು ಮಾತನ್ನು. ರಿಜಿಸ್ಟರಿನಲ್ಲಿ 'ಪರವಾಗಿಲ್ಲ' ಎಂದು ಬರೆದು ತಂದರೆ ಬೈದು ವಾಪಸ್ ಕಳಿಸುತ್ತಿದ್ದೆ. "ಯಾವ ಪರವಾಗಿಲ್ಲ? ವಾಸಿಯಾಗ್ತಿರೋ ಪರವಾಗಿಲ್ಲವಾ, ಹಲ್ಲು ಕಚ್ಕೊಂಡು ಹೇಳಿದ್ದಾ, ಇಲ್ಲಾ ಪಕ್ಕದಲ್ಲಿ ಅತ್ತೆ ನಿಂತಿದ್ದಾರೆ ಅಂತ ಹೇಳಿದ್ದಾ? ಹೋಗು, ಇನ್ನೊಂದ್ಸಲ ಫೋನ್ ಮಾಡು."

ಎಂಟು ತಿಂಗಳ ಹಿಂದೆ ಯಂತ್ರ ಬಂತು. ತಂದವರು ದೊಡ್ಡ ಡಾಕ್ಟ್ರು. ಆಸ್ಪತ್ರೆಯ ಮುಖ್ಯಸ್ಥರನ್ನು ನಾವು ಕರೆಯುವುದೇ ಹಾಗೆ. ಯಂತ್ರ ಹೆಂಗಸಿನ ದನಿಯಲ್ಲಿ ಅದೇ ಮೂರು ಪ್ರಶ್ನೆ ಕೇಳುತ್ತದೆ, ಉತ್ತರವನ್ನು ದನಿಯಲ್ಲೂ ಬರಹದಲ್ಲೂ ಇಟ್ಟುಕೊಂಡು ಅದಕ್ಕೆ ಬಣ್ಣ ಹಾಕುತ್ತದೆ: ಹಸಿರು, ಹಳದಿ, ಕೆಂಪು. ಹಳದಿ ಮತ್ತು ಕೆಂಪು ಮಾತ್ರ ನಮ್ಮ ಕಂಪ್ಯೂಟರಿಗೆ ಬರುತ್ತವೆ. ವಾರ್ಡಿನವರು ಅದಕ್ಕೆ ನಾದಿನಿ ಎಂದು ಹೆಸರಿಟ್ಟರು. ದಿನಾ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳುತ್ತಾಳೆ, ಬಂದು ಒಂದು ಲೋಟ ನೀರು ಕೊಡುವವಳಲ್ಲ.

ಅದರಿಂದ ಉಪಯೋಗವೇ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಇಬ್ಬರು ನರ್ಸ್‌ಗಳು ಆ ಒಂದೂವರೆ ಗಂಟೆ ವಾರ್ಡಿಗೆ ಸಿಕ್ಕರು. ಮಲಗಿದಲ್ಲೇ ಇರುವವರನ್ನು ಹೊತ್ತಿಗೆ ಸರಿಯಾಗಿ ಮಗ್ಗುಲು ತಿರುಗಿಸಲು ಆಯಿತು. ಹಾಸಿಗೆ ಹುಣ್ಣು ಕಡಿಮೆಯಾದವು. ನಾನೇ ಎಣಿಸಿದ್ದೇನೆ.

ಗಡಿಯಾರ ರಿಪೇರಿಯವನ ಹೆಂಡತಿ ಪಿತ್ತಕೋಶದ ಕಲ್ಲಿಗೆ ಆಪರೇಷನ್ ಮಾಡಿಸಿಕೊಂಡು ಮೂರನೆಯ ದಿನ ಮನೆಗೆ ಹೋದಳು. ನಾಲ್ಕು ದಿನ ನಾದಿನಿ ಫೋನ್ ಮಾಡಿದಳು. ನಾಲ್ಕೂ ದಿನ ಹಸಿರು. ಐದನೆಯ ದಿನ ಬೆಳಿಗ್ಗೆ ಗಂಡ ಅವಳನ್ನು ಕರೆತಂದಾಗ ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿತ್ತು, ಕಣ್ಣು ಹಳದಿಯಾಗಿದ್ದವು. ಒಳಗೆ ಪಿತ್ತ ಸೋರಿ ನಂಜಾಗಿತ್ತು. ಮತ್ತೆ ಕೊಯ್ದರು, ತೊಳೆದರು. ಎರಡು ದಿನಕ್ಕೆ ತೀರಿಕೊಂಡಳು. ಎರಡು ದಿನ ಮೊದಲು ಬಂದಿದ್ದರೆ ಉಳಿಯುತ್ತಿದ್ದಳು. ಇದನ್ನು ಹೇಳಲು ಡಾಕ್ಟರೇ ಆಗಬೇಕಿಲ್ಲ.

ಮೂರು ದಿನ ಕಳೆದು ಗಡಿಯಾರದವನು ವಾರ್ಡಿನ ಬಾಗಿಲಿಗೆ ಬಂದ. ಜೊತೆಗೆ ಮಗಳು, ಶಾಲೆಯಲ್ಲಿ ಪಾಠ ಹೇಳುವವಳು. ಬೆಂಚಿನ ಈ ತುದಿಯಲ್ಲಿ ಅಪ್ಪ, ಆ ತುದಿಯಲ್ಲಿ ಮಗಳು. ನಡುವೆ ನಾಲ್ಕು ಜನ ಕೂರಬಹುದಿತ್ತು.

"ಸಿಸ್ಟರಮ್ಮ, ಆಸ್ಪತ್ರೆಯಿಂದ ದಿನಾ ಫೋನ್ ಬರ್ತಿತ್ತು" ಎಂದ. "ನಾನು ಮೂರನೇ ದಿನವೇ ಕೇಳ್ದೆ, ಒಂದ್ಸಲ ತೋರಿಸ್ಕೊಂಡು ಬರೋಣ್ವೇನೇ ಅಂತ. ಆಸ್ಪತ್ರೆಯವರೇ ಚೇತರಿಸ್ಕೊಳ್ತಿದ್ದೀರಿ ಅಂದ್ರು, ಸುಮ್ನಿರಿ ಅಂದ್ಲು. ನೀವು ವಿಚಾರಿಸ್ಕೊಳ್ತಿದ್ದೀರಲ್ಲ ಅಂತ ನಾನು ಧೈರ್ಯವಾಗಿದ್ದೆ."

ಮಗಳು ಮುಖ ತಿರುಗಿಸದೆ ಹೇಳಿದಳು. "ಕೂದಲಿನಷ್ಟು ಸಣ್ಣ ಸ್ಪ್ರಿಂಗ್ ಮುರಿದಿದ್ರೆ ಕಾಣುತ್ತೆ ಇವರಿಗೆ. ಪಕ್ಕದಲ್ಲಿ ಮಲಗಿದ್ದ ಅಮ್ಮ ಕಾಣ್ಲಿಲ್ಲ."

ಅವನು ನನ್ನನ್ನೇ ನೋಡಿದ. "ಅವಳು ನಿಮಗೆ ಏನು ಹೇಳಿದ್ಲು? ನನ್ನಿಂದ ಮುಚ್ಚಿಟ್ಟ ಹಾಗೆ ನಿಮ್ಮಿಂದಲೂ ಮುಚ್ಚಿಟ್ಲಾ? ಅದೊಂದು ಬರ್ಕೊಡಿ. ಇವಳು ನನ್ ಜೊತೆ ಮಾತು ಬಿಟ್ಟು ಮೂರು ದಿನ ಆಯ್ತು."

ಅಷ್ಟರಲ್ಲಿ ದೊಡ್ಡ ಡಾಕ್ಟ್ರು ನನ್ನನ್ನು ಕರೆಸಿದರು. ಅವರ ಕೋಣೆಯಲ್ಲಿ ಯಂತ್ರದ ಕಂಪನಿಯ ಮೇಡಂ ಲ್ಯಾಪ್‌ಟಾಪ್ ತೆರೆದು ಕೂತಿದ್ದರು. ಇನ್ನೂ ಒಂಬತ್ತು ಆಸ್ಪತ್ರೆಗಳಿಗೆ ಇದೇ ಯಂತ್ರ ಹೋಗುವುದಿತ್ತು. ಗುರುವಾರ ಅಲ್ಲಿನವರೆಲ್ಲ ನೋಡಲು ಬರುವವರಿದ್ದರು. ಅಷ್ಟರೊಳಗೆ ಈ ಸಾವಿನ ವರದಿ ಮುಗಿಯಬೇಕು.

"ಕೂತ್ಕೊಳ್ಳಿ ಸಿಸ್ಟರ್."

ನಾನು ಕೂರಲಿಲ್ಲ. ಅವರು ಮುಂದಿಟ್ಟ ವರದಿಯ ಕಾಗದ ಓದಿದೆ. 'ರೋಗಿಯು ನಾಲ್ಕೂ ದಿನ ತನಗೆ ತೊಂದರೆ ಇಲ್ಲವೆಂದು ತಿಳಿಸಿ ಲಕ್ಷಣಗಳನ್ನು ಮರೆಮಾಚಿದ್ದರಿಂದ ಚಿಕಿತ್ಸೆ ತಡವಾಯಿತು.' ಕೆಳಗೆ ಎರಡು ಸಹಿಗೆ ಜಾಗ. ಒಂದು ಅವರದು, ಒಂದು ನನ್ನದು.

"ಇದಕ್ಕೆ ನಾನು ಸಹಿ ಹಾಕಲ್ಲ."

"ಇದರಲ್ಲಿ ಸುಳ್ಳೇನಿದೆ?"

"ಮರೆಮಾಚಿದ್ಲು ಅಂತಿದೆಯಲ್ಲ, ಅದು. ಅವಳ ದನಿ ಕೇಳಿದ್ದೀರಾ ಸರ್?"

"ಬರಹದಲ್ಲಿ ಓದಿದೀನಿ."

"ಓದೋಕೆ ಅದೇನು ಪೇಪರ್ರಾ?"

ನನ್ನ ಗಂಟಲು ಏರಿತ್ತು. ಅವರು ಸಿಟ್ಟಾಗಲಿಲ್ಲ. ಮೇಜಿನ ಮೇಲಿದ್ದ ಇನ್ನೊಂದು ಫೈಲು ತೆರೆದು ನನ್ನತ್ತ ತಿರುಗಿಸಿದರು. ಯಂತ್ರ ತರುವ ಮೊದಲಿನ ಟಿಪ್ಪಣಿ. ಅವರದೇ ಅಕ್ಷರ: 'ಮುಖ್ಯ ನರ್ಸ್ ಅವರನ್ನು ವಿಚಾರಿಸಲಾಗಿದೆ. ಒಪ್ಪಿಗೆ ಇದೆ.'

"ಪರೀಕ್ಷೆ ಮಾಡ್ತಿದ್ದ ವಾರ ನಿಮ್ಮನ್ನ ಕೇಳ್ದೆ. ಯಂತ್ರ ಹೇಗಿದೆ ಅಂತ. ಏನಂದ್ರಿ, ನೆನಪಿದೆಯಾ?"

ನೆನಪಿತ್ತು. ಸ್ಟ್ರೆಚರಿನ ಚಕ್ರ ಸಿಕ್ಕಿಕೊಂಡು ಅದನ್ನು ಕಾಲಿನಿಂದ ಒದೆಯುತ್ತಿದ್ದೆ. ಅವರು ನಡೆದು ಹೋಗುತ್ತಲೇ ಕೇಳಿದರು. ಇದು ನಮ್ಮ ಜನರ ಮಾತು ತಿಳಿಯುವ ವಸ್ತುವಲ್ಲ, ಆದರೆ ಈಗ ನಿಮ್ಮ ಹತ್ತಿರ ವಾದ ಮಾಡಲು ನನಗೆ ಪುರುಸೊತ್ತಿಲ್ಲ ಎಂಬುದು ಮನಸ್ಸಿನಲ್ಲಿತ್ತು. ಬಾಯಿಂದ ಬಂದದ್ದು ಒಂದೇ ಮಾತು.

"ಪರವಾಗಿಲ್ಲ ಅಂದೆ."

"ನಾನು ಅದನ್ನ ಒಪ್ಪಿಗೆ ಅಂದ್ಕೊಂಡೆ. ಅಲ್ವಾ?"

"ಅಲ್ಲ ಸರ್. ನೀವು ನಿಂತು ಇನ್ನೊಂದು ಮಾತು ಕೇಳಿದ್ರೆ ಹೇಳ್ತಿದ್ದೆ." ವಾರ್ಡಿನಲ್ಲಿ ಎಲ್ಲರ ಮೇಲೂ ಹರಿಹಾಯುವವಳು ಆವತ್ತು ಬಾಯಿ ಮುಚ್ಚಿಕೊಂಡಿದ್ದೆ. "ನೀವು ಕೇಳ್ದೇ ಇದ್ರೂ ಹೇಳ್ಬೇಕಿತ್ತು. ಅದು ನನ್ನ ತಪ್ಪು. ಅದನ್ನೂ ಬರೀರಿ. ಆದ್ರೆ ಮೊದಲು ಅವಳ ದನಿ ಕೇಳಿ."

ಮೇಡಂ ನಡುವೆ ಬಂದರು. "ಪರವಾಗಿಲ್ಲ ಅನ್ನೋ ಪದವನ್ನ ಹಸಿರಿಂದ ಹಳದಿಗೆ ಬದಲಾಯಿಸ್ತೀವಿ. ಒಂದು ದಿನದ ಕೆಲಸ."

"ಬದಲಾಯಿಸಿ. ನಾಳೆಯಿಂದ ಊರಿಗೆ ಊರೇ ಹಳದಿ. ಆಮೇಲೆ ಯಾವುದು ಯಾವ ಪರವಾಗಿಲ್ಲ ಅಂತ ಯಾರು ಹೇಳ್ತಾರೆ, ನೀವಾ?"

ದೊಡ್ಡ ಡಾಕ್ಟ್ರು ಕೈ ಎತ್ತಿ ನನ್ನನ್ನು ತಡೆದರು. "ಅವರ ದನಿ ಹಾಕಿ ಮೇಡಂ, ಕೇಳೋಣ" ಎಂದರು.

ಮೊದಲ ದಿನ. "ಪರವಾಗಿಲ್ಲಮ್ಮ, ಪರವಾಗಿಲ್ಲ." ದನಿ ಗಟ್ಟಿಯಾಗಿತ್ತು. ಎರಡನೆಯ ದಿನವೂ ಹಾಗೆಯೇ, ಸ್ವಲ್ಪ ತಡವಾಗಿ. ಮೂರನೆಯ ದಿನ ನೋವು ಹೇಗಿದೆ ಎಂದು ಕೇಳಿದ ಮೇಲೆ ಬರಿ ಉಸಿರು. ಹತ್ತು ಸೆಕೆಂಡಿರಬಹುದು. ಆಮೇಲೆ, "ಪರವಾಗಿಲ್ಲ ಬಿಡಮ್ಮ. ನಿಮಗೂ ಎಷ್ಟೊಂದು ಜನ ಇರ್ತಾರೆ." ಯಂತ್ರ ಹೇಳಿತು, "ಬಹಳ ಸಂತೋಷ. ನೀವು ಚೆನ್ನಾಗಿ ಚೇತರಿಸಿಕೊಳ್ಳುತ್ತಿದ್ದೀರಿ."

ನಾಲ್ಕನೆಯ ದಿನ ಮಾತು ತುಂಡಾಗಿತ್ತು. "ಪರ... ವಾಗಿಲ್ಲ." ಹಿಂದೆ ಯಾವುದೋ ಪಾತ್ರೆ ಬಿದ್ದ ಸದ್ದು. ಜ್ವರದ ಪ್ರಶ್ನೆಗೂ ಅದೇ ಉತ್ತರ. ಗಾಯದ ಪ್ರಶ್ನೆಗೆ ಅವಳು ಉತ್ತರ ಕೊಡಲಿಲ್ಲ, ಪ್ರಶ್ನೆ ಕೇಳಿದಳು. "ನಿಮ್ಮದು ಊಟ ಆಯ್ತಾಮ್ಮಾ?"

"ಧನ್ಯವಾದಗಳು. ನಾಳೆ ಮತ್ತೆ ಕರೆ ಮಾಡುತ್ತೇವೆ."

ಮೇಡಂ ಲ್ಯಾಪ್‌ಟಾಪಿನ ಮುಚ್ಚಳದ ಮೇಲೆ ಕೈ ಇಟ್ಟರು. ದೊಡ್ಡ ಡಾಕ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಹತ್ತು ಸೆಕೆಂಡು ಬರಹದಲ್ಲಿ ಇರಲಿಲ್ಲ" ಎಂದರು. ಮೇಡಂ ಕಡೆ ತಿರುಗಿ, "ಗುರುವಾರ ಅವರು ಬರಲಿ. ಇದನ್ನೇ ಕೇಳಿಸೋಣ" ಎಂದರು.

ವರದಿಯನ್ನು ಅವರು ಹರಿಯಲಿಲ್ಲ. ಅಡ್ಡ ಗೆರೆ ಎಳೆದು, ಹೊಸ ಹಾಳೆಯಲ್ಲಿ ಕೈಯಿಂದಲೇ ಬರೆದರು. 'ರೋಗಿ ನಾಲ್ಕೂ ದಿನ ಫೋನಿಗೆ ಪರವಾಗಿಲ್ಲ ಎಂದು ಉತ್ತರಿಸಿದರು. ಆ ಉತ್ತರವನ್ನು ನಮ್ಮಲ್ಲಿ ಯಾವ ಮನುಷ್ಯರೂ ಕೇಳಿಸಿಕೊಂಡಿಲ್ಲ. ಹಾಗೆ ಏರ್ಪಾಡು ಮಾಡಿದವನು ನಾನು. ಮುಖ್ಯ ನರ್ಸ್ ತಮ್ಮ ಅನುಮಾನವನ್ನು ಹೇಳಲಿಲ್ಲ, ನಾನು ಅದನ್ನು ವಿಚಾರಿಸಲಿಲ್ಲ.' ಕೆಲಸಕ್ಕೆ ಕುತ್ತು ಬರುವಂಥ ಕಾಗದ. ನಮ್ಮಿಬ್ಬರಿಗೂ. ನಾನು ಸಹಿ ಹಾಕಿದೆ.

ಆ ಕಾಗದ ಹಿಡಿದು ಅವರೇ ಬೆಂಚಿನ ಬಳಿ ಹೋದರು. ನಿಂತು ಮಾತಾಡಲಿಲ್ಲ, ಅಪ್ಪ ಮಗಳ ನಡುವಿನ ಖಾಲಿ ಜಾಗದಲ್ಲಿ ಕೂತರು. "ಫೋನ್ ಮಾಡ್ತಿದ್ದದ್ದು ಮನುಷ್ಯರಲ್ಲ, ಯಂತ್ರ. ಅದನ್ನ ನಿಮಗೆ ನಾವು ಹೇಳಿರಲಿಲ್ಲ" ಎಂದು ಶುರು ಮಾಡಿ ಎಲ್ಲ ಹೇಳಿದರು.

ಗಡಿಯಾರದವನು ಕಾಗದವನ್ನು ಎರಡು ಸಲ ಓದಿದ. ಒಂದು ಸಾಲಿನ ಮೇಲೆ ಬೆರಳಿಟ್ಟ.

"ಇಲ್ಲಿ, 'ಪರವಾಗಿಲ್ಲ ಎಂದು ಉತ್ತರಿಸಿದರು' ಅಂತಿದೆ. ನೋವಿದೆ ಅಂತ ಹೇಳಿದ್ರು ಅಂತ ಬರೀರಿ."

ದೊಡ್ಡ ಡಾಕ್ಟ್ರು ನನ್ನ ಕಡೆ ನೋಡಿದರು. "ಹೇಳದ ಮಾತನ್ನ ನಾನು ಬರೆಯೋ ಹಾಗಿಲ್ಲ ಯಜಮಾನ್ರೇ."

"ಇಪ್ಪತ್ತೇಳು ವರ್ಷ ಅವಳ ಜೊತೆ ಬಾಳಿದೀನಿ" ಎಂದ ಅವನು. "ಆ ಪರವಾಗಿಲ್ಲವನ್ನ ನಾನೂ ಕೇಳಿಸ್ಕೊಂಡೆ. ನನಗೂ ಗೊತ್ತಾಗ್ಬೇಕಿತ್ತು. ನಿಮ್ಮ ಫೋನ್ ಬರ್ದೇ ಇದ್ದಿದ್ರೆ ನಾನು ಅವಳನ್ನ ಎತ್ಕೊಂಡು ಬರ್ತಿದ್ದೆ ಸ್ವಾಮೀ."

ಮಗಳು ಆಗ ಮೊದಲ ಸಲ ಅಪ್ಪನ ಕಡೆ ತಿರುಗಿದಳು.

"ಎರಡನ್ನೂ ಬರೀರಿ ಸರ್" ಎಂದೆ ನಾನು. "ಅವಳು ಹೇಳಿದ್ದು, ಅದರ ಅರ್ಥ. ಅರ್ಥದ ಮುಂದೆ ನನ್ನ ಸಹಿ ಇರ್ಲಿ. ಹನ್ನೊಂದು ವರ್ಷ ಅದನ್ನೇ ಕೇಳಿದ ಕಿವಿ ನಂದು."

ಅವರು ಪೆನ್ನು ತೆಗೆದು ಮೊಣಕಾಲ ಮೇಲೆ ಹಾಳೆ ಇಟ್ಟುಕೊಂಡು ಬರೆದರು: 'ಪರವಾಗಿಲ್ಲ ಎಂದರು. ತಡೆಯಲಾರದ ನೋವಿದೆ ಎಂದು ಅದರ ಅರ್ಥ.' ನಾನು ಪಕ್ಕದಲ್ಲಿ ಸಹಿ ಮಾಡಿದೆ. ಅವನು ಅದನ್ನು ಮಗಳಿಗೆ ಕೊಟ್ಟ. ಅವಳು ಓದಿ, ಮಡಿಸಿ, ಚೀಲಕ್ಕೆ ಹಾಕಿಕೊಂಡಳು. ಏಳುವಾಗ ಅಪ್ಪನ ತೋಳು ಹಿಡಿದಳು. ಆಸ್ಪತ್ರೆಯನ್ನು ಕ್ಷಮಿಸಿದೆವು ಎಂದು ಇಬ್ಬರೂ ಹೇಳಲಿಲ್ಲ, ಹೇಳಬೇಕೆಂದು ನಾವೂ ಕಾಯಲಿಲ್ಲ.

ಮರುದಿನ ಹತ್ತಕ್ಕೆ ನಂಬರ್ ಒತ್ತುವ ಕೆಲಸ ಮಾತ್ರ ಯಂತ್ರಕ್ಕೆ ಉಳಿಯಿತು. ಮಾತಾಡಲು ನನ್ನ ಇಬ್ಬರು ನರ್ಸ್‌ಗಳು ವಾರ್ಡ್ ಬಿಟ್ಟು ಬಂದರು. ಆ ಹೊತ್ತಿನಲ್ಲಿ ಏಳು ಮತ್ತು ಹನ್ನೆರಡನೆಯ ಹಾಸಿಗೆಯವರನ್ನು ಮಗ್ಗುಲು ತಿರುಗಿಸುವುದು ನಲವತ್ತು ನಿಮಿಷ ತಡವಾಯಿತು. ಅದನ್ನೂ ನಾನು ಬರೆದು ದೊಡ್ಡ ಡಾಕ್ಟ್ರ ಮೇಜಿಗೆ ಕಳಿಸಿದೆ.