ಕೈಗೆ ಸಿಗದ ಚುಕ್ಕೆಗಳು

ಡ್ರೈವಿಂಗ್ ಶಾಲೆಯಲ್ಲಿ ಅವಳನ್ನು ಎಲ್ಲರೂ ಬ್ರೇಕ್ ಮೇಡಂ ಎಂದೇ ಕರೆಯುತ್ತಿದ್ದರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲಡಿಯ ಎರಡನೇ ಬ್ರೇಕನ್ನು ಒತ್ತಿ ಒತ್ತಿ ಅರ್ಧ ಊರಿಗೆ ಕಾರು ಕಲಿಸಿದವಳು. ವಯಸ್ಸು ಐವತ್ತರ ಹತ್ತಿರ. ಸಿಟ್ಟು ಮೂಗಿನ ತುದಿಯಲ್ಲೇ ಇದ್ದರೂ ಕಾರಿನೊಳಗೆ ಅದನ್ನು ಹೊರಗೆ ಬಿಡುತ್ತಿರಲಿಲ್ಲ. ಗದರಿಸಿದರೆ ಹೊಸಬರು ಸ್ಟೀರಿಂಗನ್ನೇ ಬಿಟ್ಟುಬಿಡುತ್ತಾರೆ.

ಈಗೀಗ ಆ ಸಿಟ್ಟೆಲ್ಲ ಮನೆಯಲ್ಲಿ ಹೊರಬೀಳುತ್ತಿತ್ತು. ಎಡ ಸ್ತನದ ಮ್ಯಾಮೊಗ್ರಾಂನಲ್ಲಿ ಪುಡಿ ಉಪ್ಪು ಚೆಲ್ಲಿದಂತೆ ಒಂದಷ್ಟು ಬಿಳಿ ಚುಕ್ಕೆಗಳು ಕಂಡಿದ್ದವು. ಸೂಜಿ ಹಾಕಿ ತೆಗೆದ ಚೂರನ್ನು ಪರೀಕ್ಷಿಸಿದವರು, ಜೀವಕೋಶಗಳು ಸರಿಯಿಲ್ಲ, ಆ ಜಾಗವನ್ನೇ ಕತ್ತರಿಸಿ ತೆಗೆಯಬೇಕು ಎಂದಿದ್ದರು. ಆದರೆ ಗಂಟಿಲ್ಲ, ನೋವಿಲ್ಲ. ಅವಳ ಬೆರಳಿಗೂ ಸಿಗದು, ಡಾಕ್ಟರ ಬೆರಳಿಗೂ ಸಿಗದು.

"ಎಲ್ಲಿದೆ ತೋರ್ಸು ನೋಡೋಣ," ಎಂದು ಅತ್ತೆ ದಿನಕ್ಕೊಮ್ಮೆ ಕೇಳುತ್ತಿದ್ದರು.

"ನಂಗೇ ಸಿಗ್ತಿಲ್ಲ, ನಿಮಗೆಲ್ಲಿಂದ ತೋರಿಸ್ಲಿ?"

"ಸಿಗದೇ ಇರೋದನ್ನ ಕುಯ್ಯೋದು ಹೇಗಂತೆ? ಗಾಳಿ ಗುದ್ದಿ ಮೈ ನೋಯಿಸ್ಕೊಂಡ ಹಾಗೆ."

ಅದೇ ಪ್ರಶ್ನೆಯನ್ನು ಅವಳೂ ಸರ್ಜನ್‌ಗೆ ಕೇಳಿದ್ದಳು. ಆಪರೇಷನ್ ದಿನ ಬೆಳಿಗ್ಗೆ ಎಕ್ಸ್‌ರೇ ಕೋಣೆಯಲ್ಲಿ ಚಿತ್ರ ನೋಡುತ್ತ ಆ ಚುಕ್ಕೆಗಳ ಹತ್ತಿರಕ್ಕೆ ಕೂದಲಿನಷ್ಟು ತೆಳುವಾದ ತಂತಿಯೊಂದನ್ನು ಇಳಿಸುತ್ತಾರೆ; ಅದರ ತುದಿಯಲ್ಲಿ ಗಾಳದಂಥ ಕೊಕ್ಕೆ ಇರುತ್ತದೆ; ಆ ತಂತಿಯ ಜಾಡು ಹಿಡಿದು ನಾವು ಒಳಗೆ ಹೋಗುತ್ತೇವೆ ಎಂದು ಅವರು ವಿವರಿಸಿದ್ದರು. ಕೇಳುವುದಕ್ಕೆ ಸುಲಭವಾಗಿತ್ತು.

ಗಂಡನಿಗೆ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ಹೀಗಾಗಿ ಗೊಣಗುತ್ತಲೇ ಅತ್ತೆ ಜೊತೆಗೆ ಹೊರಟರು.

ಎಕ್ಸ್‌ರೇ ಕೋಣೆ ತಣ್ಣಗಿತ್ತು. ಅವಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಸ್ತನವನ್ನು ಎರಡು ಹಲಗೆಗಳ ನಡುವೆ ಒತ್ತಿ ಹಿಡಿದರು. ಮೇಲಿನ ಹಲಗೆಯಲ್ಲಿ ಒಂದು ಚೌಕ ಕಿಂಡಿ, ಅದರ ಅಂಚಿಗೆ ಜಾಗ ಗುರುತಿಸಲು ಅಕ್ಷರಗಳು ಮತ್ತು ಅಂಕಿಗಳು. ಕನ್ನಡಕವನ್ನು ನೆತ್ತಿಗೇರಿಸಿಕೊಂಡಿದ್ದ ಎಕ್ಸ್‌ರೇ ಡಾಕ್ಟರಮ್ಮ ಆ ಕಿಂಡಿಯ ಮೂಲಕ ಸೂಜಿ ಇಳಿಸಿ, ಸೂಜಿಯೊಳಗಿಂದ ತಂತಿ ಬಿಟ್ಟು, ಮತ್ತೆ ಚಿತ್ರ ತೆಗೆದರು. ಕತ್ತು ಓರೆ ಮಾಡಿ ಕೂತು ಅವಳ ಭುಜ ಮರಗಟ್ಟಿತ್ತು. ಡಾಕ್ಟರಮ್ಮ ನೆತ್ತಿಯ ಕನ್ನಡಕವನ್ನು ಮೂಗಿಗಿಳಿಸಿ ಪರದೆಯ ಹತ್ತಿರ ಬಾಗಿದರು.

"ಏನಾಯ್ತು?"

"ಸ್ವಲ್ಪ ದೂರ ಬಿತ್ತು."

"ಸ್ವಲ್ಪ ಅಂದ್ರೆ?"

"ಒಂದು ಹೆಬ್ಬೆರಳಷ್ಟು."

"ಗಾಡಿ ನಿಲ್ಸೋವಾಗ ನನ್ ಸ್ಟೂಡೆಂಟ್ ಅಷ್ಟು ತಪ್ಪಿದ್ರೆ ಗೋಡೆಗೆ ಗುದ್ದಿರ್ತಾನೆ, ಡಾಕ್ಟ್ರೇ."

"ಇನ್ನೊಂದು ಹಾಕ್ತೀನಿ. ಬೇಕಾದ್ರೆ ಬೈಕೊಳ್ಳಿ, ಆದ್ರೆ ಅಲ್ಲಾಡ್ಬೇಡಿ."

ಎರಡನೆಯದು ಸರಿಯಾಗಿ ಕೂತಿತು. ಕೊಕ್ಕೆ ಕಚ್ಚಿದ್ದ ಮೊದಲನೆಯದನ್ನು ಎಳೆಯದೆ ಹಾಗೇ ಬಿಟ್ಟರು. ಹೊರಗೆ ಚಾಚಿಕೊಂಡ ಎರಡೂ ತಂತಿಗಳನ್ನು ಸುತ್ತಿ, ಬಟ್ಟೆಗೆ ಸಿಕ್ಕಿಕೊಳ್ಳದಂತೆ ಮೇಲೊಂದು ಕಾಗದದ ಲೋಟ ಕವುಚಿ ಪಟ್ಟಿ ಅಂಟಿಸಿದರು. ಆಸ್ಪತ್ರೆಯ ಗೌನಿನ ದಾರ ಕಟ್ಟಲು ಬಂದ ಅತ್ತೆ ಆ ಲೋಟವನ್ನೂ ಅದರಡಿಯಿಂದ ಇಣುಕುತ್ತಿದ್ದ ತಂತಿಯನ್ನೂ ನೋಡಿದರು. ದಾರವನ್ನು ಲೋಟಕ್ಕೆ ತಾಗದಂತೆ ಸಡಿಲವಾಗಿ ಕಟ್ಟಿದರು. ಅವರು ಅಷ್ಟು ಮೆಲ್ಲಗೆ ಏನನ್ನಾದರೂ ಮಾಡಿದ್ದನ್ನು ಸೊಸೆ ಹಿಂದೆಂದೂ ಕಂಡಿರಲಿಲ್ಲ.

ಮುಂದಿನದು ಬರೀ ಕಾಯುವುದು. ಹೊಟ್ಟೆ ಖಾಲಿ, ಬಾಯಿ ಒಣಗಿತ್ತು. ನೀರು ಕುಡಿಯುವಂತಿಲ್ಲ, ಎಡಗೈ ಎತ್ತುವಂತಿಲ್ಲ. ಮಧ್ಯಾಹ್ನದ ಹೊತ್ತಿಗೆ ಎಲ್ಲೋ ಕಟ್ಟುತ್ತಿದ್ದ ಕಟ್ಟಡದ ಸಾರುವೆ ಕುಸಿದು ಗಾಯಾಳುಗಳನ್ನು ಒಬ್ಬರ ಹಿಂದೊಬ್ಬರಂತೆ ತಂದರು. ಆಪರೇಷನ್ ಕೋಣೆಗಳೆಲ್ಲ ಅವರಿಗೇ ಹೋದವು. ಸಂಜೆಯಾಗುತ್ತಿದ್ದಂತೆ ನರ್ಸ್ ಬಂದು, "ಇವತ್ತು ಆಗಲ್ಲಮ್ಮ," ಎಂದಳು.

"ಮತ್ತೆ ಇದು? ಹೀಗೇ ಇಟ್ಕೊಂಡು ಮನೆಗೆ ಹೋಗ್ಲಾ?"

ಅಷ್ಟರಲ್ಲಿ ಎಕ್ಸ್‌ರೇ ಡಾಕ್ಟರಮ್ಮನೇ ಬಂದು ಫೋನಿನಲ್ಲಿ ಯಾರ ಜೊತೆಗೋ ವಾದಿಸುತ್ತ ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆದರು. "ನಿಮಗೆ ಬರೀ ಮುಂದೂಡೋದು. ಬೆಳಿಗ್ಗೆಯಿಂದ ನಾನು ಮಾಡಿದ್ದೆಲ್ಲ ನೀರುಪಾಲು," ಎಂದದ್ದು ಎಲ್ಲರಿಗೂ ಕೇಳಿಸಿತು. ಫೋನಿಟ್ಟು ಬಂದು ಪಕ್ಕದಲ್ಲಿ ಕೂತರು. "ಬಂದೋರ ಜೀವಾನೂ ಉಳಿಸ್ಬೇಕಲ್ಲ, ಆಪರೇಷನ್ ಕೋಣೆಯವರನ್ನೂ ಬೈಯೋ ಹಾಗಿಲ್ಲ. ತಂತಿ ಒಳಗೇ ಬಿಟ್ರೆ ರಾತ್ರಿ ಮಗ್ಗುಲು ಬದಲಿಸಿದಾಗ ಜರುಗುತ್ತೆ. ತೆಗೀಲೇಬೇಕು."

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಸಣ್ಣ ಗಾಯ ಮಾಡಿ, ಎರಡನ್ನೂ ಬಿಡಿಸಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಇನ್ಯಾವುದಕ್ಕಾದರೂ ಅನ್ನಬಹುದಿತ್ತು. ಅವಳಿಗೆ ಆ ತುತ್ತೂ ಬೇಕಿರಲಿಲ್ಲ. ಬಟ್ಟೆ ಹಾಕಿಕೊಳ್ಳುತ್ತ, "ಇನ್ಯಾರನ್ನಾದ್ರೂ ಚುಚ್ಕೊಳ್ಳಿ. ನಾನು ಈ ಕಡೆ ತಲೆ ಹಾಕಿ ಮಲಗಲ್ಲ," ಎಂದಳು.

ಹೇಳಿದಂತೆಯೇ ನಡೆದುಕೊಂಡಳು. ಗಾಯ ಒಣಗುತ್ತಿದ್ದಂತೆ ಕೆಲಸಕ್ಕೆ ಹೋದಳು. ಆಸ್ಪತ್ರೆಯಿಂದ ಕರೆ ಬಂದರೆ ಕತ್ತರಿಸಿದಳು. "ಇನ್ನೊಂದು ಕಡೆ ತೋರಿಸೋಣ್ವಾ?" ಎಂದು ಮೆಲ್ಲಗೆ ಕೇಳಿದ ಗಂಡನನ್ನು ದುರುಗುಟ್ಟಿ ನೋಡಿದಳು. ಅವನು ಸದ್ದಿಲ್ಲದೆ ಅಂಗಳಕ್ಕೆ ಹೋಗಿ, ಚೆನ್ನಾಗಿಯೇ ಇದ್ದ ಸೈಕಲ್ಲನ್ನು ರಿಪೇರಿ ಮಾಡತೊಡಗಿದ. ಒಮ್ಮೆ ಕಾರಿನೊಳಗೂ ನಾಲಿಗೆ ಜಾರಿತು. ತಿರುವಿನಲ್ಲಿ ತಡವರಿಸಿದ ಮುದುಕರೊಬ್ಬರಿಗೆ, "ಕಣ್ಣು ಇದ್ಯಾ ಇಲ್ವಾ?" ಎಂದುಬಿಟ್ಟಳು. ಅವರು ಗಾಡಿಯನ್ನು ನಡುರಸ್ತೆಯಲ್ಲೇ ಬಂದ್ ಮಾಡಿ ಕೈ ಕಟ್ಟಿ ಕೂತರು. ಹಿಂದಿನ ವಾಹನಗಳು ಹಾರ್ನ್ ಬಾರಿಸುತ್ತಿದ್ದರೆ, ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅಂದು ಸಂಜೆ ಒಗೆದ ಬಟ್ಟೆ ಮಡಿಸುತ್ತಿದ್ದ ಅತ್ತೆ ತಲೆಯೆತ್ತದೆ ಕೇಳಿದರು. "ನಿನಗೆ ಸಿಟ್ಟು ಯಾರ ಮೇಲೆ?"

"ಎಲ್ಲರ ಮೇಲೂ."

"ನನ್ ಮೇಲೂನಾ?"

"ನಿಮ್ ಮೇಲೇ ಮೊದ್ಲು. ಎಲ್ಲಿದೆ ತೋರ್ಸು, ಎಲ್ಲಿದೆ ತೋರ್ಸು ಅಂತ ಜೀವ ತಿಂದ್ರಿ. ನಾನೇನೋ ಸುಳ್ಳು ಕಾಯಿಲೆ ಹೊತ್ಕೊಂಡು ಬಂದಿದ್ದೀನಿ ಅನ್ನೋ ಹಾಗೆ."

ಅತ್ತೆ ಒಂದು ಟವೆಲನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. "ಈಗ ಕೇಳಲ್ಲ. ಆ ತಂತಿ ನೋಡಿದಾಗ್ಲೇ ನಂಗೆ ಗೊತ್ತಾಯ್ತು. ಏನೂ ಇಲ್ಲದೇ ಇದ್ರೆ ಅಷ್ಟು ಓದಿದ ಹೆಂಗಸು ಅಷ್ಟೊಂದು ಯಾಕೆ ಒದ್ದಾಡ್ತಾಳೆ?" ಮುಂದಿನ ಬಟ್ಟೆಗೆ ಕೈ ಹಾಕುತ್ತ ಸೇರಿಸಿದರು. "ನೀನು ಹೋಗದೇ ಇದ್ರೆ ಅದು ಅಲ್ಲೇ ಇರುತ್ತೆ. ನಿನ್ ಕೋಪಕ್ಕೆ ಹೆದರಿ ಅಂಗಳಕ್ಕೆ ಓಡೋಕೆ ಅದೇನು ನಿನ್ ಗಂಡನಾ?"

ನಗಬಾರದೆಂದು ತುಟಿ ಕಚ್ಚಿದರೂ ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಅಳುವೂ ಬಂತು. ಅತ್ತೆ ಮಡಿಸಿದ್ದ ಟವೆಲನ್ನೇ ಮುಂದೆ ಚಾಚಿದರು.

ಮರುದಿನ ಅವಳೇ ಫೋನ್ ಮಾಡಿ, ಎಲ್ಲರಿಗಿಂತ ಮೊದಲು ತನ್ನನ್ನು ಒಳಗೆ ಕರೆದರೆ ಮಾತ್ರ ಬರುತ್ತೇನೆ ಎಂದಳು. "ಮಾತು ಕೊಡೋಕಾಗಲ್ಲ," ಎಂದರು ಎಕ್ಸ್‌ರೇ ಡಾಕ್ಟರಮ್ಮ. "ಆದ್ರೆ ಈ ಸಲ ನಾನೂ ನಿಮ್ ಜೊತೆ ಆಪರೇಷನ್ ಕೋಣೆ ಬಾಗಿಲಲ್ಲೇ ಕೂರ್ತೀನಿ."

ಈ ಸಲ ತಂತಿ ಒಂದೇ ಯತ್ನಕ್ಕೆ ಕೂತಿತು. ಬಿಸಿಲೇರುವ ಮೊದಲೇ ಅವಳನ್ನು ಒಳಗೆ ಕರೆದರು. ಆದರೆ ಕತ್ತರಿಸಿ ತೆಗೆದ ತುಂಡನ್ನು ಎಕ್ಸ್‌ರೇ ಮಾಡಿ ನೋಡಿದರೆ ಅದರಲ್ಲಿ ಚುಕ್ಕೆಗಳೇ ಇರಲಿಲ್ಲ. ಅವಳನ್ನು ತಳ್ಳುಗಾಡಿಯಿಂದ ಆಪರೇಷನ್ ಮೇಜಿಗೆ ಎತ್ತಿ ಮಲಗಿಸುವಾಗ ತಂತಿ ಕೊಂಚ ಹೊರಕ್ಕೆ ಜಾರಿತ್ತು. ಡಾಕ್ಟರಮ್ಮ ಬೆಳಗಿನ ಚಿತ್ರವನ್ನು ಮುಂದಿಟ್ಟುಕೊಂಡು, ಇನ್ನೂ ಆಳಕ್ಕೆ ಹೋಗಿ ಎಂದು ಸರ್ಜನ್‌ಗೆ ತೋರಿಸಿದರು. ಎರಡನೇ ತುಂಡಿನಲ್ಲಿ ಎಲ್ಲ ಚುಕ್ಕೆಗಳೂ ಸಿಕ್ಕವು.

ಎಚ್ಚರವಾದ ಮೇಲೆ ಇದನ್ನು ಕೇಳಿ ಅವಳು ಕಣ್ಣು ಮುಚ್ಚಿಕೊಂಡಳು. "ಮತ್ತೆ ತಪ್ಪಿತಾ?"

"ತಪ್ಪಿತು," ಎಂದರು ಡಾಕ್ಟರಮ್ಮ. "ಆದ್ರೆ ಹೊಲಿಗೆ ಹಾಕೋ ಮುಂಚೆ ಗೊತ್ತಾಯ್ತು. ಅದಕ್ಕೇ ನೋಡೋದು." ಅವರು ಎರಡನೇ ತುಂಡಿನ ಚಿತ್ರ ತೋರಿಸಿದರು. ಅತ್ತೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

"ಇಷ್ಟಕ್ಕಾ ಇಷ್ಟೆಲ್ಲ?"

"ಇಷ್ಟಿರುವಾಗ್ಲೇ ಸಿಕ್ತಲ್ಲ ಅಜ್ಜಿ."

ವರದಿ ಬಂದಾಗ ಅದು ಕ್ಯಾನ್ಸರೇ ಆಗಿತ್ತು, ಆದರೆ ಹಾಲಿನ ನಾಳದ ಗೋಡೆ ದಾಟಿರಲಿಲ್ಲ. ತೆಗೆದ ತುಂಡಿನ ಸುತ್ತಲಿನ ಅಂಚಿನಲ್ಲಿ ಕ್ಯಾನ್ಸರ್ ಇರಲಿಲ್ಲ. ಇನ್ನು ಕೆಲವು ವಾರ ವಿಕಿರಣ ಚಿಕಿತ್ಸೆಗೆ ಬರಬೇಕು, ಆಮೇಲೆ ವರ್ಷಕ್ಕೊಮ್ಮೆ ಚಿತ್ರ ತೆಗೆಸಬೇಕು ಎಂದರು. ಬದುಕಿಕೊಂಡೆ ಎಂದು ಹಿಗ್ಗಬೇಕಿತ್ತು. ಅವಳಿಗೆ ಮೊದಲು ಹೊಳೆದದ್ದು, ಇನ್ನೂ ಎಷ್ಟು ಬೆಂಚುಗಳ ಮೇಲೆ ಕಾಯುತ್ತ ಕೂರಬೇಕೋ ಎಂಬುದು.

ಚಿಕಿತ್ಸೆಯ ಮೊದಲ ದಿನ ಅತ್ತೆ ಸೊಸೆ ಇಬ್ಬರೂ ಬೇಗನೆ ಹೋದರು. ಬಾಗಿಲಲ್ಲಿ ನಿಂತಿದ್ದ ಸಿಬ್ಬಂದಿ, ಯಂತ್ರ ಕೆಟ್ಟಿದೆ, ರಿಪೇರಿಯವರು ದಾರಿಯಲ್ಲಿದ್ದಾರೆ, ಕಾಯಬೇಕು ಎಂದ. ಅವಳ ಮುಖ ಕೆಂಪಗಾಯಿತು. ಮಾತು ನಾಲಿಗೆಯ ತುದಿಗೆ ಬಂದಿತ್ತು.

ಅಷ್ಟರಲ್ಲಿ ಅತ್ತೆ ಅವಳನ್ನು ದಾಟಿ ಮುಂದೆ ಹೋದರು. "ದಾರಿ ಅಂದ್ರೆ ಯಾವ ದಾರಿಯಪ್ಪ? ಮನೆ ಬಿಟ್ಟಿದ್ದಾರಾ, ಇಲ್ಲ ಇನ್ನೂ ಚಪ್ಪಲಿ ಹುಡುಕ್ತಿದ್ದಾರಾ?" ಅವನು ತಡಬಡಿಸುತ್ತ ಫೋನ್ ತೆಗೆದ. ಅತ್ತೆ ಸೊಂಟಕ್ಕೆ ಕೈಯಿಟ್ಟು ಅಲ್ಲೇ ನಿಂತರು.

ಇಂದಿನ ಬೈಗುಳದ ಕೆಲಸವನ್ನು ಅವರೇ ವಹಿಸಿಕೊಂಡಂತಿತ್ತು. ಸೊಸೆ ಗೋಡೆಗೊರಗಿ ಬೆಂಚಿನ ಮೇಲೆ ಕೂತಳು.