ಅಲ್ಲಾಭಕ್ಷ್ ಅವರ ಒದ್ದೆ ಗೋಣಿಚೀಲ

ನಮ್ಮ ಗುರುಗುಂಟಾದಲ್ಲಿ ಬೇಸಿಗೆ ಬಂತೆಂದರೆ ಒದ್ದೆ ಗೋಣಿಚೀಲಕ್ಕೆ ಬಿಡುವೇ ಇಲ್ಲ. ನೀರಿನ ಕೊಡಕ್ಕೆ ಸುತ್ತುತ್ತೇವೆ, ಸೊಪ್ಪಿನ ಬುಟ್ಟಿಗೆ ಹೊದಿಸುತ್ತೇವೆ. ನೆರೆಮನೆಯ ಅಲ್ಲಾಭಕ್ಷ್ ಅವರು ಪೆಟ್ರೋಲ್ ಡ್ರಮ್ಮಿಗೂ ಹೊದಿಸಿದ್ದರು!

ಸಿಂಧನೂರಿನ ರೈಸ್‌ಮಿಲ್ ಸಾಹುಕಾರರೊಬ್ಬರು ನಮ್ಮೂರ ಹೊರಗೆ ಎರಡು ಸೀಟಿನ ಪುಟ್ಟ ವಿಮಾನ ಇಟ್ಟಿದ್ದಾರೆ. ಅದಕ್ಕೆ ಪೆಟ್ರೋಲ್ ತುಂಬುವವರು ಅಲ್ಲಾಭಕ್ಷ್. ಹಾರಿಸುವವಳು ಅವರ ಮಗಳು ಮಹೆಕ್. ಬದುವಿನ ಮೇಲೆ ನಿಂತು ಬಾಯಿ ತೆರೆದು ನೋಡುವವರು ನಾನು ಮತ್ತು ಆಕೆಯ ತಾಯಿ ದಾವಲ್‌ಬೀ.

ಹೋದ ತಿಂಗಳು ಒಂದು ಬೆಳಿಗ್ಗೆ ವಿಮಾನ ಮೇಲೇರಿತು. ನಮ್ಮ ತಲೆಯ ಮೇಲೆ ಬಂದು ಎರಡು ಸಲ ಕೆಮ್ಮಿತು. ಆಮೇಲೆ ಸದ್ದೇ ಇಲ್ಲ.

"ಯಾ ಅಲ್ಲಾ, ನನ್ನ ಕೂಸು!" ದಾವಲ್‌ಬೀ ನನ್ನ ತೋಳು ಹಿಡಿದು ಚೀರಿದಳು.

ವಿಮಾನ ತೇಲುತ್ತಾ ಇಳಿದು, ತೊಗರಿ ಕೊಯ್ದ ಹೊಲದಲ್ಲಿ ಕುಪ್ಪಳಿಸಿ ನಿಂತಿತು. ಮಹೆಕ್ ಇಳಿದು ಬಂದಳು. ಮೈತುಂಬ ಧೂಳು, ಒಂದು ಗೀರೂ ಇಲ್ಲ! ಮೂವರೂ ತಬ್ಬಿಕೊಂಡು ಅತ್ತೆವು, ಆಮೇಲೆ ಹುಚ್ಚರಂತೆ ನಕ್ಕೆವು.

ಅಲ್ಲಾಭಕ್ಷ್ ಏದುಸಿರು ಬಿಡುತ್ತಾ ಓಡಿ ಬಂದರು. "ಇಂಜಿನ್ನೇ ಖರಾಬ್ ಐತಿ!"

"ಇಂಜಿನ್ ಅಲ್ಲ ಅಬ್ಬಾ. ಪೆಟ್ರೋಲ್‌ನ್ಯಾಗ ನೀರು ಸೇರೈತಿ ಅನಸ್ತೈತಿ."

"ಏನ್ ಮಾತಾಡಾಕತ್ತೀ? ಮೂವತ್ತು ವರ್ಷ ಲಾರಿ ಓಡಿಸೀನಿ. ನನ್ನ ಡ್ರಮ್ಮಿನ್ಯಾಗ ನೀರಾ?"

ಮಹೆಕ್ ವಿಮಾನದ ಹತ್ತಿರ ಹೋದಳು. ಟ್ಯಾಂಕಿನ ತಳದ ನಲ್ಲಿಯಿಂದ ಗಾಜಿನ ಬಾಟಲಿಗೆ ಒಂದಿಷ್ಟು ಹಿಡಿದು, ಬೆಳಕಿಗೆ ಎತ್ತಿ ತೋರಿಸಿದಳು. ಮೇಲೆ ಪೆಟ್ರೋಲ್, ತಳದಲ್ಲಿ ಎರಡು ಬೆರಳು ನೀರು.

"ಹಾರೋಕ್ಕಿಂತ ಮೊದ್ಲ ಇದನ್ನ ನೋಡಲಿಲ್ಲೇನವ್ವಾ?" ಎಂದೆ ನಾನು.

ಆಕೆ ತಲೆ ತಗ್ಗಿಸಿದಳು. "ನೋಡಿದ್ದೆ ಪದ್ಮಕ್ಕ. ಕಡೀಕ ಅಬ್ಬಾ ಬಂದು ಮತ್ತಷ್ಟು ತುಂಬಿದ್ರು. ಅವ್ರ ಕಣ್ಮುಂದನ ಮತ್ತ ಬಾಟ್ಲಿ ಹಿಡಿದ್ರ ಅವಮಾನ ಮಾಡಿದಂಗ ಆಗ್ತೈತಿ ಅಂತ ಬಿಟ್ಟೆ."

ಅಲ್ಲಾಭಕ್ಷ್ ವಿಮಾನದ ಶೆಡ್ಡಿನ ಹೊರಗೆ ಬಿಸಿಲಲ್ಲಿದ್ದ ಡ್ರಮ್ಮಿನ ಹತ್ತಿರ ನಡೆದರು. ನಾವೂ ಹಿಂದೆ ಹೋದೆವು. ಗೋಣಿಚೀಲ ಎತ್ತಿದರೆ ಡ್ರಮ್ಮಿನ ತಲೆಯ ಮೇಲೆ ನೀರು ನಿಂತಿತ್ತು. ಮುಚ್ಚಳದ ರಬ್ಬರ್ ಹರಿದಿತ್ತು.

"ಬಿಸಲಿಗೆ ಪೆಟ್ರೋಲ್ ಆರಿ ಹೋಗಬಾರ್ದು ಅಂತ ದಿನಾ ಎರಡು ತಂಬಿಗಿ ನೀರು ಹಾಕೀನಿ. ನನ್ನ ಕೈಯಾರ ಹಾಕೀನಿ ಬೇಟಾ!" ಅವರು ಅಲ್ಲೇ ಕುಸಿದು ಕೂತರು.

ಮಹೆಕ್ ಪಕ್ಕದಲ್ಲಿ ಕೂತು ಅವರ ಕೈ ಹಿಡಿದಳು. "ನಾ ಇದ್ದೀನಲ್ಲ ಅಬ್ಬಾ."

ಈಗ ಡ್ರಮ್ಮು ನೆರಳಿನಲ್ಲಿದೆ, ಮುಚ್ಚಳ ಹೊಸದು, ಗೋಣಿಚೀಲ ನೀರಿನ ಕೊಡಕ್ಕೆ ವಾಪಸ್ಸಾಗಿದೆ. ಮೆಕ್ಯಾನಿಕ್ ಬಂದು ಟ್ಯಾಂಕು, ಇಂಜಿನ್ ಎಲ್ಲ ತೊಳೆದು ನೋಡಿದ ಮೇಲೆಯೇ ವಿಮಾನ ಮತ್ತೆ ಹೊರಟಿತು. ಆ ದಿನ ಪೆಟ್ರೋಲ್ ತುಂಬಿ, ನೀರಿದ್ದರೆ ತಳಕ್ಕಿಳಿಯಲಿ ಎಂದು ಕಾದು, ಅಲ್ಲಾಭಕ್ಷ್ ತಾವೇ ಬಾಟಲಿ ಹಿಡಿದು ಮಗಳಿಗೆ ಅಡ್ಡ ನಿಂತರು.

"ನನ್ನ ನಂಬಬ್ಯಾಡ. ಬಾಟ್ಲಿ ನೋಡು. ಆಮ್ಯಾಲ ಹತ್ತು."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ವಿಮಾನ ಇಲ್ಲ, ನನಗೂ ಗೊತ್ತು. ಟ್ರ್ಯಾಕ್ಟರ್ ಇದೆ, ಪಂಪ್ ಇದೆ, ಕಾಲುವೆ ದಂಡೆಯ ಮೇಲೆ ಓಡುವ ಆಟೊ ಇದೆ. ಕ್ಯಾನು, ಡ್ರಮ್ಮುಗಳಿಗೆ ನೀರು ತಾಗಲು ಬಿಡಬೇಡಿ. ತುಂಬಿದವರು ಅಪ್ಪನೇ ಇರಲಿ, ಗಂಡನೇ ಇರಲಿ, ತಳದಿಂದ ಒಂದು ಬಾಟಲಿ ಹಿಡಿದು ನೋಡಿ. ಬೀಡಿ ಹಚ್ಚಿದವರನ್ನು ಮಾತ್ರ ದೂರ ಇಡಿ. ಯಾರಾದರೂ ಸಿಟ್ಟಾದರೆ ಗುರುಗುಂಟಾಕ್ಕೆ ಕಳಿಸಿಕೊಡಿ, ಅಲ್ಲಾಭಕ್ಷ್ ಅವರೇ ಮಾತಾಡುತ್ತಾರೆ.