ಒಣಗದ ಬಣ್ಣದ ಉಯ್ಯಾಲೆ

ಒಂದಾನೊಂದು ಕಾಲದಲ್ಲಿ, ತೀರಾ ಹಿಂದೇನಲ್ಲ, ವೆಲ್ಡಿಂಗ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬ ರಾಜಕುಮಾರಿ ಇದ್ದಳು. ಅವಳ ಅರಮನೆಯ ಕಿಟಕಿ ತೆರೆದರೆ ಸುಟ್ಟ ಕಬ್ಬಿಣದ ವಾಸನೆ, ಮುಚ್ಚಿದರೆ ಸೆಕೆ. ಮೆಟ್ಟಿಲಿಳಿದರೆ ಅಂಗಳವಲ್ಲ, ಲಾರಿ. ಅವಳ ತಾಯಿ ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದಳು. ಬಂದವರನ್ನೆಲ್ಲ ಕುರ್ಚಿಯಲ್ಲಿ ಕೂರಿಸಿ, ಗಾಜು ಬದಲಿಸಿ ಬದಲಿಸಿ, "ಈಗ ಕಾಣುತ್ತಾ? ಈಗ?" ಎಂದು ಕೇಳುವುದೇ ಅವಳ ದಿನಚರಿ. ಒಂದು ಸಂಜೆ ಆಕೆ ಮಗಳಿಗೆ ಮಾತು ಕೊಟ್ಟಳು.

"ಹೊಸ ಮನೆಗೆ ಹೋದ ದಿನಾನೇ ಉಯ್ಯಾಲೆ ಮೇಲೆ ಕೂರಿಸಿ ನಾನೇ ತೂಗ್ತೀನಿ ಪುಟ್ಟಿ. ಕಾಲು ಹೋಗಿ ಮರದ ಎಲೆಗೆ ತಾಗ್ಬೇಕು, ಹಾಗೆ."

"ಆಣೆ?"

"ನಿನ್ನಾಣೆ."

ಕಥೆಗಳಲ್ಲಿ ಮಾತು ಕೊಟ್ಟವರ ಪಾಡು ಏನಾಗುತ್ತದೆಂದು ಅಜ್ಜಿಯ ಮಡಿಲಲ್ಲಿ ಬೆಳೆದವರಿಗೆಲ್ಲ ಗೊತ್ತು. ಪಾಪ, ಆ ತಾಯಿ ಕಥೆ ಕೇಳಿ ಬೆಳೆದವಳಲ್ಲ. ಅವಳು ನಂಬಿದ್ದು ಒಂದು ಚಿತ್ರವನ್ನು. ನಗರದಂಚಿನ ಹೊಸ ಬಡಾವಣೆಯ ಜಾಹೀರಾತು ಅದು: ಹಸಿರು ಹಾಸು, ದೊಡ್ಡ ಮರ, ಮರದ ಮುಂದೆ ಕೆಂಪು ಉಯ್ಯಾಲೆ, ಉಯ್ಯಾಲೆಯಲ್ಲಿ ಹಲ್ಲು ಬಿಟ್ಟು ನಗುವ ಮಕ್ಕಳು. ಕೆಳಗೆ ದಪ್ಪಕ್ಷರದಲ್ಲಿ, 'ಮಕ್ಕಳಿಗಾಗಿಯೇ ಕಟ್ಟಿದ ಬಡಾವಣೆ'.

ಅಂಗಡಿಯ ಗೆಳತಿಯರು ಕರುಬಿದರು. "ಪುಣ್ಯವಂತೆ ಕಣೇ ನೀನು. ಅಲ್ಲಿ ಮನೆ ಸಿಗೋದು ಅಂದ್ರೆ ಸುಮ್ನೇನಾ?" ಎರಡು ಬಸ್ಸು ಹಿಡಿದು ಕೆಲಸಕ್ಕೆ ಬರಬೇಕಾಗುತ್ತದೆ ಎಂಬುದನ್ನು ಆಕೆ ಯಾರಿಗೂ ಹೇಳಲಿಲ್ಲ. ಮಗಳಿಗಾಗಿ ನಾಲ್ಕು ಬಸ್ಸನ್ನಾದರೂ ಹಿಡಿದಾಳು.

ಮನೆ ಬದಲಿಸಿದ ದಿನ, ಪಾತ್ರೆಪಗಡಿ ಇನ್ನೂ ಡಬ್ಬಗಳಲ್ಲೇ ಇರುವಾಗ, ತಾಯಿ ಮಗಳು ಕೈಕೈ ಹಿಡಿದು ಪಾರ್ಕಿಗೆ ಓಡಿದರು. ಹಸಿರು ಹಾಸಿತ್ತು. ಮರವಿತ್ತು. ಉಯ್ಯಾಲೆಯೂ ಇತ್ತು, ಆದರೆ ಅದರ ಸರಪಳಿಯನ್ನು ಮೇಲಿನ ಕಂಬಿಗೆ ಸುತ್ತಿ ಸುತ್ತಿ ಬಿಗಿದಿದ್ದರು. ಕೂರುವ ಹಲಗೆ ದೊಡ್ಡವರ ತಲೆಗಿಂತ ಮೇಲೆ, ಗೂಡಿನಲ್ಲಿ ಮುದುಡಿದ ಹಕ್ಕಿಯ ಹಾಗೆ ಕೂತಿತ್ತು. ಕಂಬಕ್ಕೊಂದು ಬೋರ್ಡು: 'ಬಣ್ಣ ಹಸಿಯಾಗಿದೆ. ಮುಟ್ಟಬೇಡಿ.'

"ನಾಳೆ ಒಣಗುತ್ತೆ ಬಿಡು," ಎಂದಳು ತಾಯಿ.

ನಾಳೆ ಒಣಗಲಿಲ್ಲ. ಮರುವಾರವೂ ಒಣಗಲಿಲ್ಲ. ಬೇಸಿಗೆ ಬಂದು, ಹುಲ್ಲು ಸುಟ್ಟು, ಟಾರು ಕರಗಿ ಚಪ್ಪಲಿಗೆ ಅಂಟಿತು. ಉಯ್ಯಾಲೆಯ ಬಣ್ಣ ಮಾತ್ರ ಹಸಿಯಾಗಿಯೇ ಉಳಿಯಿತು.

ಆ ಬಡಾವಣೆಯ ಸಂಘಕ್ಕೊಬ್ಬ ಅಧ್ಯಕ್ಷರಿದ್ದರು. ಮಕ್ಕಳು ಎಲ್ಲಿ ಕಂಡರೂ ತುಟಿಗೆ ಬೆರಳಿಟ್ಟು "ಶ್" ಎನ್ನುತ್ತಿದ್ದುದರಿಂದ ಮಕ್ಕಳು ಅವರಿಗೆ ಶ್-ಮಾವ ಎಂದೇ ಹೆಸರಿಟ್ಟಿದ್ದರು. ಚೆಂಡಿಗೆ ಶ್, ಸೈಕಲ್ಲಿಗೆ ಶ್, ಜೋರು ನಗುವಿಗೂ ಶ್. ಒಂದು ಭಾನುವಾರದ ಸಭೆಯಲ್ಲಿ ತಾಯಿ ಎದ್ದು ನಿಂತು ಕೇಳಿಯೇಬಿಟ್ಟಳು.

"ಸರ್, ಆ ಉಯ್ಯಾಲೆ ಯಾವಾಗ ಇಳಿಸ್ತೀರಾ?"

"ಬಣ್ಣ ಹೊಡೆಸಿದೀವಲ್ಲಮ್ಮ. ಬೋರ್ಡ್ ನೋಡ್ಲಿಲ್ವಾ?"

"ನೋಡ್ದೆ. ಸ್ಟೂಲ್ ಹಾಕ್ಕೊಂಡು ಮುಟ್ಟೂ ನೋಡ್ದೆ." ಆಕೆ ಅಂಗೈ ಚಾಚಿದಳು. "ಒಂದು ಚುಕ್ಕೆ ಅಂಟ್ಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಸರ್?"

ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರು ನಗಲಿಲ್ಲ.

"ನೋಡಿಮ್ಮ, ಇಳಿಸಿದ್ರೆ ಮಕ್ಕಳು ಹತ್ತುತ್ವೆ. ಹತ್ತಿದ್ರೆ ಸವೆಯುತ್ತೆ, ಕಿರುಗುಟ್ಟುತ್ತೆ. ನಮ್ಮ ಬಡಾವಣೆಗೆ ಒಂದು ಹೆಸರಿದೆ. ಸಂಸಾರಸ್ಥರು ಹುಡುಕ್ಕೊಂಡು ಬರೋ ಜಾಗ ಇದು. ಅವರು ಬಂದು ನೋಡ್ದಾಗ ಎಲ್ಲ ಹೊಸದಾಗಿ ಕಾಣ್ಬೇಡ್ವಾ?"

ಬಂದು ನೋಡುವವರಿಗಾಗಿ ಇರುವವರು ನೋಡುತ್ತಲೇ ಇರಬೇಕು! ಆಕೆಯ ಕಿವಿ ಕಾದು ಕೆಂಪಾಯಿತು. ಸುತ್ತ ಕೂತ ಅಪ್ಪ ಅಮ್ಮಂದಿರತ್ತ ತಿರುಗಿದಳು. ಒಬ್ಬರು ಉಗುರು ನೋಡಿಕೊಂಡರು, ಒಬ್ಬರು ಫೋನು ನೋಡಿಕೊಂಡರು. ಪಕ್ಕದಲ್ಲಿದ್ದ ಗಂಡ ಸೆರಗು ಜಗ್ಗಿ, "ಹೋಗ್ಲಿ ಬಿಡು," ಎಂದ. ಆ ಮಹಾನುಭಾವ ಮದುವೆಯಾದಾಗಿನಿಂದ 'ಹೋಗಲಿ' ಎಂದು ಬಿಟ್ಟದ್ದನ್ನೆಲ್ಲ ಕೂಡಿಟ್ಟಿದ್ದರೆ ಇನ್ನೊಂದು ಬಡಾವಣೆ ಕಟ್ಟಬಹುದಿತ್ತು.

ಮನೆಗೆ ಬಂದಾಗ ಮಗಳು ಮಂಚದ ಅಂಚಿನಲ್ಲಿ ಕೂತು, ಕಣ್ಣು ಮುಚ್ಚಿ, ಕಾಲನ್ನು ಹಿಂದಕ್ಕೂ ಮುಂದಕ್ಕೂ ಆಡಿಸುತ್ತಿದ್ದಳು. ಅವಳ ಪಾಲಿಗೆ ಆ ಕ್ಷಣ ಮಂಚಕ್ಕೆ ಸರಪಳಿಯಿತ್ತು, ಸೂರಿನಲ್ಲಿ ಎಲೆಯಿತ್ತು. ಮೂಲೆಯ ಕುರ್ಚಿಯಲ್ಲಿ ಅವಳ ಅಜ್ಜಿ, ಅಂದರೆ ಈಕೆಯ ಅತ್ತೆ.

"ಅಜ್ಜಿ, ಬಣ್ಣ ಒಣಗೋಕೆ ಎಷ್ಟು ದಿನ ಬೇಕು?"

"ಆ ಬಣ್ಣ ನಿನ್ನ ಮದುವೆಗೆ ಒಣಗ್ಬೋದು ಮುದ್ದು," ಎಂದರು ಅತ್ತೆ. "ದೇವರು ವರ ಕೊಟ್ರೂ ಪೂಜಾರಿ ಕೊಡ."

ಹುಡುಗಿ ಕಾಲಾಡಿಸುವುದನ್ನು ನಿಲ್ಲಿಸಿದಳು. "ಪರ್ವಾಗಿಲ್ಲ ಅಜ್ಜಿ. ಅಮ್ಮ ಸುಮ್ನೆ ಹೇಳಿದ್ದು ಅಂತ ನಂಗೊತ್ತು."

ಬಾಗಿಲಲ್ಲಿ ನಿಂತ ತಾಯಿಗೆ ಆ 'ಪರ್ವಾಗಿಲ್ಲ' ಚೂರಿಯಂತೆ ನಾಟಿತು. ಮಗಳು ಅತ್ತಿದ್ದರೆ, ರಂಪ ಮಾಡಿದ್ದರೆ ಸಹಿಸಬಹುದಿತ್ತು. ಇಷ್ಟು ಚಿಕ್ಕ ಬಾಯಲ್ಲಿ ಅಪ್ಪನ ಮಾತು! ಆ ಉಯ್ಯಾಲೆಯ ಹಲಗೆಯಾದರೋ ಸಣ್ಣ ಮಕ್ಕಳ ಅಳತೆಯದು. ಮಗಳ ಫ್ರಾಕು ಆಗಲೇ ಮೊಣಕಾಲ ಮೇಲೆ ಹತ್ತಿತ್ತು. ಬಣ್ಣ ಕಾಯಬಹುದು, ಮಕ್ಕಳು ಕಾಯುವುದಿಲ್ಲ, ಬೆಳೆದುಬಿಡುತ್ತಾರೆ.

ಹೀಗಿರುವಾಗ ಒಂದು ದಿನ ಶ್-ಮಾವ ತಾವೇ ಬಂದು ಬಾಗಿಲು ತಟ್ಟಿದರು. ಮುಖದಲ್ಲಿ ಎಂದೂ ಕಾಣದ ನಗು.

"ಏನಿಲ್ಲಮ್ಮ, ನಿಮ್ಮ ಪಾಪುನ ಒಂದರ್ಧ ಗಂಟೆ ಕಳಿಸ್ಬೇಕಲ್ಲ. ಹೊಸ ಜಾಹೀರಾತಿಗೆ ಫೋಟೋ. ಲಕ್ಷಣವಾಗಿದಾಳೆ. ಬಿಳಿ ಫ್ರಾಕ್ ಹಾಕಿ ಉಯ್ಯಾಲೆ ಮೇಲೆ ಕೂರಿಸಿದ್ರೆ..."

ತಾಯಿಯ ಎದೆಯಲ್ಲಿ ಬೆಂಕಿ ಧಗ್ಗೆಂದಿತು. "ಬಿಳಿ ಫ್ರಾಕಾ? ಬಣ್ಣ ಅಂಟಲ್ವಾ ಸರ್?"

"ಛೆ, ಒಣಗಿದೆಯಮ್ಮ."

"ಯಾವಾಗ ಒಣಗ್ತು? ಈಗ ಮೆಟ್ಟಿಲು ಹತ್ತಿ ಬರುವಾಗ್ಲಾ?"

ಒಳಗಿನಿಂದ ಅತ್ತೆಯ ದನಿ ಕೇಳಿತು. "ಕಾಫಿ ಕೊಡೇ ಅವರಿಗೆ. ಇಷ್ಟು ಬೇಗ ಒಣಗಿಸಿ ಸುಸ್ತಾಗಿರ್ಬೇಕು."

ಶ್-ಮಾವನ ನಗು ಅಳ್ಳಾಡಿತು. ಬೈದು ಬಾಗಿಲು ಹಾಕಬೇಕೆನಿಸಿ, ಮಾತು ತಾಯಿಯ ನಾಲಗೆಯ ತುದಿಯವರೆಗೆ ಬಂದಿತ್ತು. ಆದರೆ ಫೋಟೋ ತೆಗೆಯಬೇಕಾದರೆ ಸರಪಳಿ ಬಿಚ್ಚಲೇಬೇಕಲ್ಲ. ನಾಲಗೆಯನ್ನು ಹಲ್ಲಿನ ಹಿಂದೆ ಕಟ್ಟಿಹಾಕಿ, "ಕರ್ಕೊಂಡ್ ಬರ್ತೀನಿ ಸರ್," ಎಂದಳು.

ಮರುದಿನ ಬೆಳಿಗ್ಗೆ ವಾಚ್‌ಮನ್ ಏಣಿ ತಂದು ಸರಪಳಿ ಬಿಚ್ಚಿದ. ಕಂಬಿಯಿಂದ ಸುರುಳಿ ಸುರುಳಿಯಾಗಿ ಇಳಿದು ಹಲಗೆ ಕೆಳಗೆ ಬಂದಾಗ ಹುಡುಗಿ ಉಸಿರು ಬಿಗಿಹಿಡಿದು ನೋಡಿದಳು. ಅಧ್ಯಕ್ಷರು ಹಲಗೆಗೆ ಬಟ್ಟೆ ಹಾಸಿ ಕೂರಿಸಿದರು. "ಮಗೂ, ಕದಲ್ಬಾರ್ದು ಆಯ್ತಾ? ಕಾಲು ಆಡಿಸ್ಬಾರ್ದು. ಹಾಂ, ಈಗ ನಗು. ಜೋರಾಗಲ್ಲ. ಶ್."

ಗೊಂಬೆ ಕೂತಂತೆ ಹುಡುಗಿ ಕೂತಳು. ನಗು ಎಂದಾಗ ತುಟಿ ಅಗಲಿಸಿದಳು. ಜಾಹೀರಾತಿನ ಆ ಮಕ್ಕಳು ಹಲ್ಲು ಬಿಟ್ಟದ್ದು ಹೇಗೆಂದು ತಾಯಿಗೆ ಆಗ ತಿಳಿಯಿತು. ಆ ಮಕ್ಕಳನ್ನೂ ಹೀಗೇ ಕೂರಿಸಿ, ಹೀಗೇ ಇಳಿಸಿ, ಮತ್ತೆ ಸರಪಳಿ ಸುತ್ತಿದ್ದರು. ಅದನ್ನು ನೋಡಿಯೇ ಅಲ್ಲವೆ ತಾನು ಈ ಮೂಗಿನ ತುಪ್ಪಕ್ಕೆ ಮರುಳಾಗಿ ಬಂದದ್ದು! ನಾಳೆ ಇದೇ ಚಿತ್ರ ನೋಡಿ ಇನ್ನೊಬ್ಬ ತಾಯಿ ಇನ್ನೊಂದು ಮಗುವಿಗೆ ಆಣೆ ಇಡುತ್ತಾಳೆ.

ಆಕೆ ಹೋಗಿ ಉಯ್ಯಾಲೆಯ ಹಿಂದೆ ನಿಂತಳು.

"ಮೇಡಂ, ಸ್ವಲ್ಪ ಈಚೆ ಬನ್ನಿ, ಫೋಟೋದಲ್ಲಿ ಬರ್ತೀರಾ," ಎಂದ ಫೋಟೋದವನು.

"ಬರ್ಲಿ ಬಿಡಪ್ಪ." ಆಕೆ ಸರಪಳಿ ಹಿಡಿದಳು. "ಪುಟ್ಟಿ, ಗಟ್ಟಿಯಾಗಿ ಹಿಡ್ಕೋ."

"ಅಮ್ಮಾ, ಕದಲ್ಬಾರ್ದಂತೆ."

"ಯಾರು ಹೇಳಿದ್ದು? ನಾನು ಹೇಳಿದ್ದು ನೆನಪಿದ್ಯಾ?"

ಹುಡುಗಿ ಕತ್ತು ಹಿಂದಕ್ಕೆ ತಿರುಗಿಸಿ ಅಮ್ಮನನ್ನು ನೋಡಿದಳು. ಅಂಗಡಿಯ ಕುರ್ಚಿಯಲ್ಲಿ ಕೂತವರಿಗೆ ಸರಿಯಾದ ಗಾಜು ಸಿಕ್ಕಾಗ ಬೆಳಗುವ ಕಣ್ಣು ತಾಯಿಗೆ ಚೆನ್ನಾಗಿ ಗೊತ್ತಿತ್ತು. ಅದೇ ಕಣ್ಣು.

"ಏನಮ್ಮಾ ಇದು! ಸವೆಯುತ್ತೆ! ಇಳಿಸಿ ಮೊದ್ಲು!" ಶ್-ಮಾವ ಓಡಿಬಂದರು.

"ಸವೀಲಿ!" ಆಕೆಯ ದನಿಗೆ ಬಾಲ್ಕನಿಗಳ ಬಾಗಿಲು ತೆರೆದವು. "ಸವೆಯೋಕೇ ಮಾಡಿದ್ದು ಇದನ್ನ! ಮಕ್ಕಳು ಹತ್ತಿ ಸವೀಬೇಕು, ಕಿರುಗುಟ್ಬೇಕು, ಬಣ್ಣ ಹೋಗ್ಬೇಕು! ಹತ್ತಿರ ಬರ್ಬೇಡಿ ಸರ್, ಕಾಲು ತಾಗುತ್ತೆ."

ತೂಗಿದಳು. ಉಯ್ಯಾಲೆ ಕಿರ್ರ್ ಎಂದಿತು. ಇನ್ನೊಮ್ಮೆ ತೂಗಿದಳು; ಹುಡುಗಿಯ ಒಂದು ಚಪ್ಪಲಿ ಹಾರಿ ಶ್-ಮಾವನ ಪಾದದ ಬುಡಕ್ಕೇ ಬಿತ್ತು. ಫೋಟೋದವನು ನಗುತ್ತ ಕ್ಯಾಮೆರಾ ಕೆಳಗಿಳಿಸಿದ. ತಾಯಿ ಹಲ್ಲು ಕಚ್ಚಿ, ಇಷ್ಟು ದಿನದ ಸಿಟ್ಟನ್ನೆಲ್ಲ ಎರಡು ಅಂಗೈಗೆ ತಂದು, ಓಡುತ್ತ ಬಂದು ನೂಕಿದಳು.

ಬರಿಗಾಲು ಮೇಲೆ, ಇನ್ನೂ ಮೇಲೆ ಹೋಗಿ ಎಲೆಗೆ ತಾಗಿತು.